ಕುಂಬಳಕಾಯಿ ಒಡೆದ ಜಾಗ

ಸಂಗನಬಸಪ್ಪ ಉಜ್ಜಿದಷ್ಟೂ ಕಲೆ ಬೆಳೀತಾ ಇತ್ತು. ಬೆಳಿಗ್ಗೆ ಎಂಟು ಗಂಟೆಗೆ ಶುರು ಮಾಡ್ದಾಗ ಅದು ಊಟದ ತಟ್ಟೆಯಷ್ಟಿತ್ತು. ಸೀಮೆಎಣ್ಣೆ ಸುರಿದ್ಮೇಲೆ ರಾಗಿ ಕೇರೋ ಮೊರದಷ್ಟಾಯ್ತು. ಸೋಪಿನ ಪುಡಿ ಹಾಕಿ ಬ್ರಷ್ಷಲ್ಲಿ ತಿಕ್ಕಿದ್ಮೇಲೆ ಮಲಗಿದ ಎಮ್ಮೆಯಷ್ಟಾಯ್ತು. ಆ ಎಮ್ಮೆಗೆ ಕೊಂಬು ಬೇರೆ ಬಂತು, ಒಂದು ಗೇಟಿನ ಕಡೆಗೆ, ಇನ್ನೊಂದು ತುಳಸಿಕಟ್ಟೆ ಕಡೆಗೆ. ಹಿಂಗೇ ಬಿಟ್ರೆ ಮಧ್ಯಾಹ್ನದೊಳಗೆ ಹಲಸೂರು ಕೆರೆಯಷ್ಟಾಗಿ, ದೋಣಿ ಬಿಡೋರು ಬಂದು ಟಿಕೆಟ್ ಹರಿಯೋಕೆ ಕೂರ್ತಾರೆ ಅಂತ ಅನ್ನಿಸ್ತು ಅವನಿಗೆ. ಅನ್ನಿಸಿ ನಗು ಬಂತು. ನಗ್ತಾನೇ ಗೇಟಿನ ಕಡೆ ನೋಡ್ದ. ಸಾಯಂಕಾಲ ಗೋವಿಂದಮ್ಮ ಆಸ್ಪತ್ರೆಯಿಂದ ವಾಪಸ್ ಬರ್ತಾರೆ. ಅವರ ಮನೆ, ಅವರ ಕಾಂಕ್ರೀಟು, ಅವರ ಮುರಿದ ಕಾಲು. ಇವನು ಮೇಲಿನ ಮನೆಯಲ್ಲಿ ಬಾಡಿಗೆಗಿರೋನು. ಆ ನೆಲದ ಮೇಲೆ ಇವನದು ಅಂತ ಇದ್ದಿದ್ದು ಆ ಕಲೆ ಒಂದೇ.

ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಗೋವಿಂದಮ್ಮನ ಕೊಟ್ಟಿಗೆ ಇತ್ತಂತೆ, ನಾಲ್ಕು ಸೀಮೆಹಸು ಕಟ್ತಿದ್ರಂತೆ. ಈ ವರ್ಷ ಯುಗಾದಿ ಹೊತ್ತಿಗೆ ಕೊನೇ ಹಸೂನೂ ಕೊಟ್ಟು, ಗೇಟಿಂದ ಮೆಟ್ಟಿಲ ತನಕ ಕಾಂಕ್ರೀಟು ಹಾಕ್ಸಿದ್ರು. ಅದರ ಮೇಲೆ ಅವರಿಗಿದ್ದ ಅಕ್ಕರೆ ಏನ್ ಕೇಳ್ತೀರ, ಒಣಗೋ ತನಕ ಹತ್ತು ದಿನ ಕೋಲು ಹಿಡ್ಕೊಂಡು ಕೂತಿದ್ರು. ನಾಯಿ ಬೆಕ್ಕು ಕಾಗೆ ಇರ್ಲಿ, ತಲೆ ಮೇಲೆ ಇಳಿಯೋ ವಿಮಾನದ ನೆರಳು ಬಿದ್ರೂ ‘ಹೋಗತ್ಲಾಗೆ’ ಅಂತ ಗದರ್ತಿದ್ರು. ಅಂಥ ನೆಲದ ಮೇಲೆ ಕಾರು ನಿಲ್ಲಿಸಬಹುದಾ ಅಂತ ಇವನು ಕೇಳ್ದಾಗ, ಅವರು ಕಣ್ಣು ಕಿರಿದು ಮಾಡಿ, “ಎಣ್ಣೆ ಗಿಣ್ಣೆ ಸೋರ್ತದಾ ಸಂಗಪ್ಪನೋರೆ ನಿಮ್ ಕಾರು?” ಅಂದಿದ್ರು. ಹಳೇ ಕಾರಮ್ಮ, ನೋಡ್ಕೋತೀನಿ, ಅಂದಿದ್ರೆ ಮುಗೀತಿತ್ತು. ಅನ್ಲಿಲ್ಲ. ಬಾಯಿ ಅನ್ನೋದು ಇವನಿಗೆ ಇಳಿಜಾರಲ್ಲಿ ಬ್ರೇಕ್ ಇಲ್ಲದ ಲಾರಿ. “ಅಮ್ಮಾ, ನಾನು ಏನ್ ಕೆಲ್ಸ ಮಾಡೋದು ಗೊತ್ತೇನು? ದೊಡ್ಡನೆಕ್ಕುಂದಿ ಫ್ಯಾಕ್ಟರಿಯಲ್ಲಿ ಆಯಿಲ್ ಸೀಲ್ ಚೆಕ್ ಮಾಡೋನು. ಇಂಜಿನ್ನಿಂದ ಎಣ್ಣೆ ಹೊರಗೆ ಬರ್ದಂಗೆ ಒಂದ್ ರಬ್ಬರ್ ಬಳೆ ಹಾಕಿರ್ತಾರೆ, ಅದು. ದೇಶದಾಗಿನ ಗಾಡಿ ಒಂದೂ ಸೋರಬಾರ್ದು ಅಂತ ನನಗೆ ಸಂಬಳ ಕೊಡ್ತಾರೆ. ನನ್ನ ಕಾರು ಸೋರತ್ತಾ? ಒಂದ್ ತೊಟ್ಟು ಬಿದ್ರೆ ನನ್ನ ಸಂಗನಬಸಪ್ಪ ಅಂತ ಕರೀಬ್ಯಾಡ್ರಿ.” ಗೋವಿಂದಮ್ಮ ಆ ಮಾತನ್ನ ಸೆರಗಿಗೆ ಗಂಟು ಹಾಕ್ಕೊಂಡವರ ಥರ ತಲೆ ಆಡಿಸಿದ್ರು. ಆಮೇಲೆ ಇಡೀ ಬೀದಿಗೆ ಹಂಚಿದ್ರು. ನಮ್ಮ ಬಾಡಿಗೆಯೋರು ಎಂಥೋರು ಗೊತ್ತಾ, ಅವರು ಪಾಸ್ ಮಾಡ್ದೆ ಒಂದ್ ಲಾರಿ ರೋಡಿಗೆ ಇಳಿಯಲ್ಲ, ಅಂತ. ಎರಡು ತಿಂಗಳಲ್ಲಿ ಅದು ಬೆಳೆದು, ಅವರು ಪಾಸ್ ಮಾಡ್ದೆ ವಿಮಾನ ಹಾರಲ್ಲ ಅನ್ನೋ ತನಕ ಹೋಗಿತ್ತು. ಇವನು ಒಂದ್ ದಿನವೂ ಇಲ್ಲ ಅನ್ಲಿಲ್ಲ.

ಬ್ರಷ್ ಕೆಳಗಿಟ್ಟು ಸೊಂಟ ಹಿಡ್ಕೊಂಡು ಎದ್ದ. ಫ್ಯಾಕ್ಟರಿಯಲ್ಲಿ ಟೆಸ್ಟ್ ಮಾಡೋ ರೀತಿ ಬಹಳ ಸುಲಭ. ಸೀಲ್ ಕೂರಿಸಿ, ಎಣ್ಣೆ ತುಂಬಿಸಿ, ಕೆಳಗೆ ಒಂದು ಬಿಳಿ ಹಾಳೆ ಹಾಸಿ, ಹತ್ತು ನಿಮಿಷ ಕಾಯೋದು. ಹಾಳೆ ಬೆಳ್ಳಗಿದ್ರೆ ಪಾಸ್. ಒಂದ್ ತೊಟ್ಟು ಬಿತ್ತೋ, ಅದರ ಮೇಲೆ ಕೆಂಪು ಬಣ್ಣದ ಬೊಟ್ಟಿಟ್ಟು ರಿಜೆಕ್ಟ್ ಡಬ್ಬಿಗೆ ಎಸೆಯೋದು. ಆ ಬೊಟ್ಟು ಇಡೋ ಕೈ ಇವನದೇ, ಹದಿನಾಲ್ಕು ವರ್ಷದಿಂದ. ಶ್ರಾವಣದಲ್ಲಿ ತನ್ನ ಕಾರಿನ ಸೀಲ್ ಸವೆದಾಗ ಒಂದಿನ ಅದೇ ಕೈ ಆ ಡಬ್ಬಿಯೊಳಗೆ ಹೋಗಿ ಒಂದು ಸೀಲ್ ತಗೊಂಡು ಊಟದ ಕ್ಯಾರಿಯರ್‌ನ ತಳದ ಡಬ್ಬಿಯಲ್ಲಿ, ಚಪಾತಿ ಕೆಳಗೆ, ಇಟ್ಕೊಂಡು ಬಂತು. ಅಂಗಡಿಯಲ್ಲಿ ಸಿಗಲ್ಲ ಅಂತ ಅಲ್ಲ. ಆ ಬಳೆಯ ರಬ್ಬರ್ ಅಂಚಲ್ಲಿ ತಪ್ಪೇ ಕಾಣ್ತಿರ್ಲಿಲ್ಲ. ಇಷ್ಟು ಚೆನ್ನಾಗಿರೋದನ್ನ ನಾನೇ ರಿಜೆಕ್ಟ್ ಮಾಡ್ಬಿಟ್ನಲ್ಲ, ಪಾಪ, ಅನ್ನಿಸಿತ್ತು. ಶಿವಾಜಿನಗರದ ಗ್ಯಾರೇಜಲ್ಲಿ ಅಕ್ತರ್ ಅದನ್ನ ಬೆರಳಿಗೆ ಉಂಗುರದಂಗೆ ಸಿಕ್ಕಿಸ್ಕೊಂಡು ತಿರುಗಿಸಿ ನೋಡಿದ್ದ. “ಸಾರ್, ಇದ್ರ ಮೇಲೆ ಕೆಂಪು ಐತೆ?” “ಅದು ಕುಂಕುಮ ಕಣಯ್ಯಾ. ಆಯುಧಪೂಜೆ ಮುಂಗಡ ಮಾಡಿದೀನಿ.” ಅಕ್ತರ್ ನಗಲಿಲ್ಲ. ಇಪ್ಪತ್ತು ವರ್ಷ ಇಂಜಿನ್ ಬಿಚ್ಚಿದವನು, ಒಂದ್ ಸಲ ಸೀಲ್ ನೋಡ್ದ, ಒಂದ್ ಸಲ ಇವನ ಮುಖ ನೋಡ್ದ. “ನಿಮ್ ಮಾಲು, ನಿಮ್ ಗಾಡಿ, ನಮ್ದು ಬರೀ ಕೈ,” ಅಂದು ಕಾರಿನ ಕೆಳಗೆ ತೂರಿಕೊಂಡ. ಕೆಳಗಿಂದ ಅವನ ಎರಡು ಪಾದ ಮಾತ್ರ ಕಾಣ್ತಿತ್ತು. ಆ ಪಾದಗಳಿಗೂ ಎಲ್ಲ ಗೊತ್ತಾಗಿದೆ ಅಂತ ಅನ್ನಿಸಿ ಇವನು ಆ ಕಡೆ ತಿರುಗಿ ಚಾ ಕುಡಿದಿದ್ದ.

“ಏನ್ರೀ, ಮುಂಜಾನಿಂದ ಅದನ್ನ ಉಜ್ಜಾಕತ್ತೀರಿ, ಹೊಟ್ಟಿ ಹಸಿಯಂಗಿಲ್ಲೇನು?” ಮಹಡಿಯಿಂದ ಹೆಂಡ್ತಿ ಗುರುದೇವಿ ಕೂಗಿದ್ಲು. “ಬಂದೆ, ಬಂದೆ,” ಅಂದ. ಗೇಟಿನ ಹೊರಗೆ ಹೋಗ್ತಿದ್ದ ಮೂರನೇ ಮನೆ ಭಗವಂತರಾಯರು ನಿಂತು, ಕನ್ನಡಕ ಸರಿ ಮಾಡ್ಕೊಂಡು, “ಎಂಥಾ ಮನುಷ್ಯರಪ್ಪ ನೀವು! ಕುಂಬಳಕಾಯಿ ಒಡೆದ ಜಾಗ ಮತ್ತೆ ಜಾರಬಾರ್ದು ಅಂತ ರಜಾ ಹಾಕಿ ತೊಳೀತಿದೀರಲ್ಲ. ಹೆತ್ತ ಮಗ ಮಾಡಲ್ಲ,” ಅಂದ್ರು. “ಇರ್ಲಿ ಬಿಡ್ರಿ ಸರ,” ಅಂದ ಇವನು. ಅಂದು, ಕೈ ತಾನಾಗೇ ಹೋಗಿ ಹೆಗಲು ಒರೆಸ್ಕೊಂಡಿತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಗಾದೆ ಕಟ್ಟಿದವನು ಯಾವನೋ ಇವನ ಮನೆ ಮುಂದೇನೇ ಕೂತು ಕಟ್ಟಿರಬೇಕು.

ಕುಂಬಳಕಾಯಿ ಒಡೆದಿದ್ದು ಆಯುಧಪೂಜೆ ದಿನ. ಅಷ್ಟೊತ್ತಿಗೆ ಕಾರು ಒಂದು ತಿಂಗಳಿಂದ ಸೋರ್ತಿತ್ತು. ಇವನು ಕೆಳಗೆ ರಟ್ಟು ಹಾಸ್ತಿದ್ದ, ಬೆಳಿಗ್ಗೆ ಯಾರೂ ಏಳೋ ಮೊದಲು ರಟ್ಟು ಬದಲಾಯಿಸ್ತಿದ್ದ. ಆದ್ರೂ ರಟ್ಟಿನಂಚಿಂದ ಜಾರಿ ಒಂದು ತಟ್ಟೆಯಷ್ಟು ಜಾಗ ಕಪ್ಪಗೆ ಮಿರಮಿರ ಅಂತಿತ್ತು. ಪೂಜೆಗೆ ಕಾರು ಹಿಂದಕ್ಕೆ ತೆಗೆದಾಗ ಅದು ಎಲ್ಲರ ಕಣ್ಣಿಗೆ ಬೀಳೋದಿತ್ತು. ಬೀಳೋ ಮೊದಲೇ ಇವನು ಬೂದುಗುಂಬಳಕಾಯಿಗೆ ಕುಂಕುಮ ತುಂಬಿಸಿ, ಕರ್ಪೂರ ಹಚ್ಚಿ, ಕಾರಿಗೆ ಮೂರು ಸುತ್ತು ನಿವಾಳಿಸಿ, ಗೇಟಿನ ಹೊರಗೆ ಒಡೀಬೇಕಾದ್ದನ್ನ ಸರಿಯಾಗಿ ಆ ಕಪ್ಪಿನ ಮೇಲೇ ಎತ್ತಿ ಹಾಕ್ದ. ಕಾಯಿ ಸಿಡಿದ ಸದ್ದಿಗೆ ಕೆ.ಆರ್. ಪುರಂ ಸ್ಟೇಷನ್ನಲ್ಲಿ ರೈಲು ನಿಂತ್ಕೊಂಡಿರಬೇಕು. ಬಿಳೀ ತಿರುಳು, ಕೆಂಪು ಕುಂಕುಮ, ಎಲ್ಲ ಹರಡಿ ಕಪ್ಪು ಮುಚ್ಚಿಹೋಯ್ತು. ಗೋವಿಂದಮ್ಮ ಚಪ್ಪಾಳೆ ತಟ್ಟಿದ್ರು. ಕೆಲಸದ ಚಿಕ್ಕಮುನಿಯಮ್ಮ ಪೊರಕೆ ತಗೊಂಡು ಬಂದ್ಲು, ಆಗ್ಲೇ ದೀಪ ಹಚ್ಚಿ ಆಗಿತ್ತು. “ದೀಪ ಹಚ್ಚಿದ್ಮೇಲೆ ಗುಡಿಸಬಾರ್ದು ಕಣಮ್ಮಿ, ಲಕ್ಷ್ಮಿ ಎದ್ದು ಹೋಗ್ತಾಳೆ. ಬೆಳಿಗ್ಗೆ ನೋಡು,” ಅಂತ ಗೋವಿಂದಮ್ಮನೇ ಅಂದ್ರು. ಬೆಳಿಗ್ಗೆ ಅವಳು ಬರೋದ್ರೊಳಗೆ ಗೋವಿಂದಮ್ಮ ತುಳಸಿಗೆ ನೀರು ಹಾಕೋಕೆ ಚೊಂಬು ಹಿಡ್ಕೊಂಡು ಬಂದ್ರು. ತಿರುಳು ರಾತ್ರಿಯೆಲ್ಲ ಎಣ್ಣೆ ಮೇಲೆ ಜಾರಿ ಅಂಚಿಗೆ ಸೇರಿತ್ತು. ಅವರು ತಿರುಳು ತಪ್ಪಿಸಿ, ಅದು ಸರಿದಿದ್ದ ನಡುಮಧ್ಯೆ ಕಾಲಿಟ್ರು. ಇವನು ಮಹಡಿಯಿಂದ ನೋಡ್ತಾನೇ ಇದ್ದ. ಅಮ್ಮಾ ಅಲ್ಲಿ ಬೇಡ, ಅನ್ನೋ ಮಾತು ಗಂಟಲ ತನಕ ಬಂದಿತ್ತು. ಬ್ರೇಕ್ ಇಲ್ಲದ ಲಾರಿ ಆವತ್ತೊಂದು ದಿನ ನಿಂತ್ಬಿಡ್ತು. ಮೂಳೆ ಮುರಿದ ಸದ್ದು ಚೊಂಬು ಬಿದ್ದ ಸದ್ದಲ್ಲಿ ಕೇಳಿಸ್ಲಿಲ್ಲ. ಮೊದಲು ಓಡಿ ಇಳಿದವನು ಇವನೇ. ಮೊದಲು “ಕುಂಬಳಕಾಯಿ! ಕುಂಬಳಕಾಯಿ ಜಾರಿ!” ಅಂತ ಕೂಗಿದವನೂ ಇವನೇ. ಅವರನ್ನ ಎತ್ತಿ ಕೂರಿಸುವಾಗ ಹಿಮ್ಮಡಿ ಮೇಲೆ ಕಪ್ಪು ಕಂಡಿತ್ತು, ಹೊಸ ಸೀರೆ ಅಂಚಿಗೂ. ಹೆಗಲ ಮೇಲಿದ್ದ ಟವೆಲ್ ತಗೊಂಡು ಆ ಹಿಮ್ಮಡಿನ ಒರೆಸಿದ, ಮೆಲ್ಲಗೆ, ಮಗೂಗೆ ಒರೆಸಿದಂಗೆ. ನೋಡಿದವರಿಗೆಲ್ಲ ಕಣ್ಣಲ್ಲಿ ನೀರು ಬಂತು. ಆ ಟವೆಲ್ ಈಗ್ಲೂ ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿ ಕೆಳಗಿದೆ.

ಇವತ್ತು ಉಜ್ಜಿ ಉಜ್ಜಿ ಸೋತು, ಮೂಲೆ ಟೆಲಿಫೋನ್ ಬೂತಿಂದ ಅಕ್ತರ್‌ಗೆ ಫೋನ್ ಹಾಕ್ದ. “ಸೀಮೆಣ್ಣೆ ಹಾಕಿದ್ರಾ? ಯಾ ಅಲ್ಲಾ!” ಅಂದ ಅವನು. “ದಾರಿ ತೋರ್ಸಿ ಆಯಿಲ್‌ನ ಒಳಗೆ ಕಳಿಸ್ಬಿಟ್ರಲ್ಲ ಸಾರ್ ನೀವು. ಇನ್ ನೀರ್ ನಕ್ಕೋ, ಬ್ರಷ್ ನಕ್ಕೋ, ಏನೂ ಬ್ಯಾಡ. ಒಣ ಸಿಮೆಂಟ್ ಸುರೀರಿ, ಇಟ್ಟಿಗೆ ತುಂಡಲ್ಲಿ ಅರೀರಿ. ಕುಡೀಲಿ ಅದು. ಕುಡ್ದಿದ್ದನ್ನ ಗುಡ್ಸಿ, ಮತ್ತೆ ಸುರೀರಿ. ಮೂರ್ ಸಲ. ಲಾಸ್ಟಲ್ಲಿ ಬಿಸಿನೀರು, ವಾಷಿಂಗ್ ಸೋಡಾ.”

“ಹೋಗತ್ತಾ?”

“ನೆಲದ್ದು ಹೋಗತ್ತೆ. ಆ ಕೆಂಪು ಬೊಟ್ಟಿನ ಸೀಲು ಇನ್ನೂ ಗಾಡಿಯಲ್ಲೇ ಐತಲ್ಲ ಸಾರ್? ಮೂಗು ಸೋರ್ತಾ ಇರೋವಾಗ ಯಾರಾದ್ರೂ ಅಂಗಿ ತೋಳು ಒಗೀತಾರಾ?”

ಕಾಂಪೌಂಡ್ ಕಟ್ಟಿ ಮಿಕ್ಕಿದ್ದ ಅರ್ಧ ಮೂಟೆ ಸಿಮೆಂಟು ನೀರಿನ ತೊಟ್ಟಿ ಹಿಂದೆ ಇತ್ತು, ಅದೂ ಗೋವಿಂದಮ್ಮಂದೇ. ಮೊದಲನೇ ಸಲ ಸುರಿದು ಅರೆಯುವಾಗ ಬೂದು ಪುಡಿ ನೋಡ್ತಾ ನೋಡ್ತಾ ಕಪ್ಪಾಯ್ತು. ಎಷ್ಟು ಕುಡಿದಿದೆ ಈ ನೆಲ, ಬಾಯಿ ಬಿಡದೆ. ಗುಡಿಸೋಕೆ ಪೊರಕೆ ಹುಡುಕಿ ತಿರುಗಿದ್ರೆ ಗೇಟಲ್ಲಿ ಚಿಕ್ಕಮುನಿಯಮ್ಮ ನಿಂತಿದ್ಲು. ಒಳಗೆ ಕಾಲಿಡದೆ, ಗೇಟಿನ ಸರಳು ಹಿಡ್ಕೊಂಡು. ಆಸ್ಪತ್ರೆ ಮಂಚದ ಮೇಲಿಂದಾನೇ ಗೋವಿಂದಮ್ಮ ಅವಳನ್ನ ಕೆಲಸದಿಂದ ಬಿಡಿಸಿದ್ರು, ಅವಳು ನನ್ನ ಹೊಸ್ತಿಲು ತುಳೀಬಾರ್ದು ಅಂತ. ಅವರು ಬಿಡಿಸಿದ್ದು ಕೇಳಿ ಬೀದಿಯ ಇನ್ನೆರಡು ಮನೆಯವರೂ ಬೇಡ ಅಂದಿದ್ರು.

“ನನ್ ಪೊರಕೆ ತೊಟ್ಟಿ ಹಿಂದೆ ಐತೆ ಸಾಮಿ. ನನ್ ಕೈಯಾರೆ ಕಟ್ಟಿದ್ದು. ಅದನ್ನ ಕೊಟ್ಬಿಡಿ, ಹೊಂಟೋಯ್ತೀನಿ.”

ಇವನು ತಂದ. ಕೊಡೋಕೆ ಕೈ ಚಾಚಿದ್ರೆ ಅವಳು ನೆಲ ನೋಡ್ತಿದ್ಲು. “ಹಂಗಲ್ಲ ಸಾಮಿ ಅದು,” ಅಂತ ಅಂದವಳೇ ಚಪ್ಪಲಿ ಬಿಟ್ಟು ಒಳಗೆ ಬಂದು, ಇವನ ಕೈಯಿಂದ ಇಟ್ಟಿಗೆ ತುಂಡು ಕಿತ್ಕೊಂಡು, ಸೀರೆ ಎತ್ತಿ ಸಿಕ್ಕಿಸಿ ಕೂತ್ಲು. ಕಲೆಯ ಅಂಚಿಂದ ಒಳಗಡೆಗೆ, ಸುತ್ತಿ ಸುತ್ತಿ, ರಂಗೋಲಿಗೆ ಸಗಣಿ ಸಾರಿಸೋ ಕೈಯಂಗೆ ಅರೆದ್ಲು. ಒಂದು ಚಿಟಿಕೆ ಪುಡಿ ಎತ್ತಿ ಮೂಸಿದ್ಲು. ಇವನ ಕಡೆ ನೋಡ್ಲಿಲ್ಲ. ಆ ನೋಡದೇ ಇದ್ದಿದ್ದು ಇವನ ಬೆನ್ನಿಗೆ ಬಿಸಿಲಿಗಿಂತ ಜಾಸ್ತಿ ಸುಡ್ತು. ನಿಲ್ಲಿಸು, ನಾನು ಮಾಡ್ತೀನಿ, ಅನ್ನಬೇಕು ಅಂತ ಇವನು ಮೂರು ಸಲ ಬಾಯಿ ತೆರೆದ. ಮೂರೂ ಸಲ ಬಕೆಟ್ ಸರಿ ಮಾಡ್ದ. ಎರಡನೇ ಸಲ ಸಿಮೆಂಟು ಕಂದು ಬಣ್ಣಕ್ಕೆ ತಿರುಗ್ತು, ಮೂರನೇ ಸಲ ಬೂದುಬಣ್ಣವಾಗೇ ಉಳೀತು. ಎಮ್ಮೆಯ ಕೊಂಬು ಹೋಯ್ತು, ಬಾಲ ಹೋಯ್ತು, ಹೊಟ್ಟೆ ಕರಗಿತು.

“ನೀವು ಅಮ್ಮಂಗೆ ಒಂದ್ ಮಾತು ಹೇಳಿ ಸಾಮಿ,” ಅಂದ್ಲು ಅವಳು, ಅರೀತಾನೇ. “ನಿಮ್ ಮಾತು ಅಂದ್ರೆ ಅವ್ರಿಗೆ ವೇದ. ದೀಪ ಹಚ್ಚಿದ್ಮೇಲೆ ಗುಡಿಸಬ್ಯಾಡ ಅಂದಿದ್ಕೆ ಬಿಟ್ಟಿದ್ಲು, ಸೋಮಾರಿ ಅಲ್ಲ ಅಂತ. ಅಷ್ಟೇ ಸಾಕು. ಬ್ಯಾರೆ ಏನೂ ನಾನು ಎತ್ತಾಕಿಲ್ಲ.”

ಬೇರೆ ಏನೂ. ಇವನಿಗೆ ಎದೆ ಹಗುರಾಗಿ, ಆ ಹಗುರಕ್ಕೇ ಅಸಹ್ಯ ಆಯ್ತು. ಅಷ್ಟು ಹೇಳೋದೇನ್ ಮಹಾ. ಅಷ್ಟರಲ್ಲೇ ಎಲ್ಲ ಸರಿಹೋಗೋದಾದ್ರೆ ಡಿಕ್ಕಿಯಲ್ಲಿರೋ ಟವೆಲ್ ಸುಟ್ಟಾಕಿ, ನಾಳೆ ಅಕ್ತರ್ ಹತ್ರ ಹೊಸ ಸೀಲ್ ಹಾಕಿಸಿ... “ಹೇಳ್ತೀನಿ ಮುನಿಯಮ್ಮ. ನನಗ್ ಬಿಡು. ಅವರು ನಾಳೆಯಿಂದ ನಿನ್ನ ಪಲ್ಲಕ್ಕಿಯಲ್ಲಿ ಕರೆಸ್ಲಿಲ್ಲ ಅಂದ್ರೆ ಕೇಳು.” ಮತ್ತೆ ಲಾರಿ ಹೊರಟಿತ್ತು. ಅವಳು ನಗ್ಲಿಲ್ಲ, ಬಿಸಿನೀರು ಸುರಿದು ಪೊರಕೆಯಲ್ಲಿ ಗುಡಿಸಿದ್ಲು. ನೀರು ಆರಿದಾಗ ಆ ಜಾಗ ಸುತ್ತಲಿನ ನೆಲಕ್ಕಿಂತ ಬೆಳ್ಳಗೆ, ಹಾಸಿದ ಹಾಳೆಯಂಗೆ ಕಾಣ್ತು. ಅವಳು ಗೇಟಿನ ಆಚೆ ಹೋಗಿ, ಹೊಂಗೆ ಮರದ ಕೆಳಗೆ ಪೊರಕೆ ತೊಡೆ ಮೇಲಿಟ್ಕೊಂಡು ಕೂತ್ಲು, ಅಮ್ಮ ಬರೋ ತನಕ.

ಗುರುದೇವಿ ಆಟೋ ಮಾಡ್ಕೊಂಡು ಆಸ್ಪತ್ರೆಗೆ ಹೋದವಳು, ರೈಲ್ವೆ ಗೇಟ್ ಬಿದ್ದು, ವಾಪಸ್ ಬರೋವಾಗ ಐದೂಮುಕ್ಕಾಲು. ಇವನೂ ಆಟೋದವನೂ ಸೇರಿ ಗೋವಿಂದಮ್ಮನ್ನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದ್ರು. ಮೊಣಕಾಲ ತನಕ ಸುಣ್ಣದ ಕಟ್ಟು. ಮೆಟ್ಟಿಲ ಹತ್ರ ಇಳಿಸಿದ ಕೂಡಲೇ ಅವರು ನೆಲ ನೋಡಿದ್ರು. “ಏನಪ್ಪಾ ಇದು, ಹಾಲು ಚೆಲ್ಲಿದಂಗೆ ಇದೆ! ಸಂಗಪ್ಪನೋರೆ, ನಿಮ್ಮ ಋಣ ಯಾವಾಗ ತೀರಿಸ್ಲಿ? ಕಾರ್ ಯಾಕೆ ರೋಡಲ್ಲಿ ಬಿಟ್ಟಿದೀರ, ಒಳಗೆ ತಂದು ನಿಲ್ಲಿಸಿ. ನಾನಿನ್ನು ಆರು ವಾರ ಇಲ್ಲೇ ಕೂತು ಕಾಯ್ತೀನಿ.”

“ಅಮ್ಮಾ,” ಅಂದ ಇವನು. “ಮುನಿಯಮ್ಮ ಸೋಮಾರಿ ಅಲ್ಲಮ್ಮ. ಆವತ್ತು ದೀಪ ಹಚ್ಚಿದ್ಮೇಲೆ ಗುಡಿಸಬಾರ್ದು ಅಂತ...”

“ಗುಡಿಸಬೇಡ ಅಂದೋಳು ನಾನೇ ಅಲ್ವಾ, ನನಗೆ ಗೊತ್ತಿಲ್ವಾ? ಅದಕ್ಕೆ ಬಿಡಿಸ್ದೆ ಅಂದ್ಕೊಂಡ್ರಾ?” ಗೋವಿಂದಮ್ಮನ ದನಿ ಗೇಟಿನ ತನಕ ಹೋಗೋ ಹಂಗೆ ಏರಿತು. “ನಾನು ಬಿದ್ದ ದಿನ ಆಸ್ಪತ್ರೆಗೆ ಬಂದು ಏನಂದ್ಲು ಗೊತ್ತಾ? ‘ಅದು ಕುಂಬಳಕಾಯಿ ಅಲ್ಲಮ್ಮ, ಸಾಹೇಬ್ರ ಕಾರಿನ ಎಣ್ಣೆ’ ಅಂದ್ಲು! ದೇಶದ ಗಾಡಿಗೆಲ್ಲ ಎಣ್ಣೆ ನಿಲ್ಲಿಸೋರು ಅವರು, ಅವರ ಮೇಲೆ ಹೇಳ್ತೀಯಾ ಅಂದೆ. ಬಿದ್ದಾಗ ನನ್ನ ಕಾಲು ಒರೆಸಿದೋರು ಅವರು. ಅವರ ಮೇಲೆ ಸುಳ್ಳು ಹೇಳೋ ನಾಲಿಗೆ ನನ್ನ ಮನೇಲಿ ಬೇಡ ಅಂದೆ. ಅದಕ್ಕೆ ಬಿಡಿಸಿದ್ದು.”

ವಿಮಾನ ಒಂದು ತಲೆ ಮೇಲೆ ಇಳೀತಾ ಹೋಯ್ತು. ಅದು ಹೋದ್ಮೇಲೆ ಇವನು ಗೇಟಿನ ಕಡೆ ನೋಡ್ದ. ಹೊಂಗೆ ಮರದ ಕೆಳಗೆ ಅವಳು ತಲೆ ಎತ್ತಿರ್ಲಿಲ್ಲ. ಮಧ್ಯಾಹ್ನವಿಡೀ ಪಕ್ಕದಲ್ಲೇ ಕೂತು ಇಟ್ಟಿಗೆಯಲ್ಲಿ ಅರೆದವಳು ಇದನ್ನ ಹೇಳಿರ್ಲಿಲ್ಲ. ಬೇರೆ ಏನೂ ಎತ್ತಲ್ಲ ಅಂದಿದ್ದು ಇದನ್ನ. ಇವನು ಬಾಯಿ ತೆರೆದ. ಮಾತಿನ ಬದಲು ನಾಲಿಗೆ ಮೇಲೆ ಸಿಮೆಂಟಿನ ಪುಡಿ ಸಿಕ್ತು. ಹೋಗಿ ಕಾರು ಸ್ಟಾರ್ಟ್ ಮಾಡ್ದ. ಸ್ವಲ್ಪ ಹೊತ್ತು ಇಂಜಿನ್ ಬಿಸಿಯಾಗೋಕೆ ಬಿಟ್ಟ. ಒಳಗೆ ತಂದು, ಆ ಬೆಳ್ಳಗಿನ ಜಾಗದ ಮೇಲೆ, ಎರಡು ಸಲ ಹಿಂದೆ ಮುಂದೆ ಮಾಡಿ, ಸರಿಯಾಗಿ ನಿಲ್ಲಿಸಿದ. ಇಳಿದು ಬಂದು ಕುರ್ಚಿ ಹಿಡಿದು ಕಾರಿನ ಪಕ್ಕಕ್ಕೆ ತಿರುಗಿಸಿದ.

“ಅಮ್ಮಾ, ಹತ್ತು ನಿಮಿಷ ಇಲ್ಲೇ ಕೂತಿರ್ರಿ. ಕಾರಿನ ಕೆಳಗೆ ನೋಡ್ತಾ ಇರ್ರಿ.”

“ಏನ್ರೀ ಇದು ಹುಚ್ಚಾಟ?” ಅಂದ್ಲು ಗುರುದೇವಿ. “ಸುಮ್ಮನಿರು,” ಅಂದ. ಅವನ ದನಿ ಕೇಳಿ ಅವಳು ನಿಜಕ್ಕೂ ಸುಮ್ಮನಾದ್ಲು.

ವಾಚ್ ನೋಡ್ದ. ಒಂದು ನಿಮಿಷ. ಮೂರು. ಹದಿನಾಲ್ಕು ವರ್ಷದಲ್ಲಿ ಎಷ್ಟು ಸಾವಿರ ಸಲ ಹಿಂಗೆ ನಿಂತಿದ್ನೋ, ಟೆಸ್ಟಿಗಿಟ್ಟ ಮಾಲು ಯಾವತ್ತೂ ಇವನದಾಗಿರ್ಲಿಲ್ಲ. ಐದು. ನೆಲ ಬೆಳ್ಳಗೇ ಇತ್ತು. ಒಂದು ತಿಂಗಳು ದಿನಾ ಸೋರಿದ್ದು ಈಗ ಸೋರ್ತಿಲ್ಲ. ಬೀಳು, ಅಂದ ಒಳಗೊಬ್ಬ ಸಂಗನಬಸಪ್ಪ. ಬೀಳಬೇಡ, ಅಂದ ಇನ್ನೊಬ್ಬ, ಅವನ ದನಿಯೇ ಜೋರಾಗಿತ್ತು. ಬೀಳ್ದಿದ್ರೆ ಅದು ಮನೆದೇವರ ಇಚ್ಛೆ, ನಾನಂತೂ ನಿಲ್ಲಿಸಿ ತೋರಿಸ್ದೆ, ಇನ್ನೇನ್ ಮಾಡ್ಲಿ ಅಂತ ವಾದ ಹೂಡಿದ. ಏಳು. ಗೋವಿಂದಮ್ಮನ ನಗು ಆರುತ್ತಾ ಬಂತು, ಹುಬ್ಬು ಗಂಟಾಯ್ತು. ಅವರು ಕಾರಿನ ಕೆಳಗೆ ನೋಡೋದು ಬಿಟ್ಟು ಇವನ ಮುಖ ನೋಡ್ತಿದ್ರು. ಎಂಟು. ಕಾರಿನ ಹೊಟ್ಟೆ ಕೆಳಗೆ ಏನೋ ಮಿಣಕ್ ಅಂತು. ಕಪ್ಪಗೆ, ದುಂಡಗೆ, ಹಿಡ್ಕೊಂಡು, ಹಿಡ್ಕೊಂಡು, ಬಿತ್ತು. ಸದ್ದು ಬರೋಷ್ಟು ದೊಡ್ಡದಲ್ಲ ಅದು. ಆದ್ರೂ ಇವನಿಗೆ ಕೇಳಿಸ್ತು, ಚೊಂಬು ಬಿದ್ದಂಗೆ.

ಗೋವಿಂದಮ್ಮ ಬಗ್ಗಿ, ಕಟ್ಟು ಹಾಕಿದ ಕಾಲು ಬಿಟ್ಟಷ್ಟು ಬಗ್ಗಿ, ನೋಡಿದ್ರು. ಬೈತಾರೆ ಅಂತ ಕಾದ. ಬೈದಿದ್ರೆ ಆಗ್ತಿತ್ತು. ಆಮೇಲೆ ಅವರು ತಲೆ ಎತ್ತಿ, ಇವನನ್ನ ದಾಟಿ, ಗೇಟಿನ ಆಚೆ ನೋಡಿದ್ರು.

“ಮುನಿಯಮ್ಮ,” ಅಂದ್ರು. “ಯಾಕಮ್ಮಿ ಅಲ್ಲಿ ಕೂತಿದೀಯ. ಬಾ, ನನ್ನ ಒಳಗೆ ಕರ್ಕೊಂಡು ಹೋಗು.”

ಚಿಕ್ಕಮುನಿಯಮ್ಮ ಬಂದ್ಲು. ಬಂದವಳು ಅಭ್ಯಾಸಬಲಕ್ಕೆ ಆ ತೊಟ್ಟು ನೋಡಿ, ಪೊರಕೆ ಕೆಳಗಿಟ್ಟು, ಸಿಮೆಂಟ್ ಮೂಟೆಗೆ ಕೈ ಹಾಕೋಕೆ ಹೊರಟ್ಲು. ಗೋವಿಂದಮ್ಮ ಅವಳ ಮುಂಗೈ ಹಿಡಿದು ನಿಲ್ಲಿಸಿದ್ರು.

“ಬೇಡ. ದೀಪ ಹಚ್ಚೋ ಹೊತ್ತಾಯ್ತು. ಬಿದ್ದಿದ್ದು ಬಿದ್ದಲ್ಲೇ ಇರ್ಲಿ, ಬೆಳಿಗ್ಗೆ ಬೀದಿಯೋರೆಲ್ಲ ನೋಡ್ಲಿ.”

ಗುರುದೇವಿ, ಮುನಿಯಮ್ಮ ಇಬ್ಬರೂ ಕುರ್ಚಿ ಎರಡೂ ಕಡೆ ಹಿಡ್ಕೊಂಡು ಅವರನ್ನ ಒಳಗೆ ಒಯ್ದ್ರು. ಇವನು ಕೈ ಹಾಕೋಕೆ ಹೋದ, ಜಾಗ ಇರ್ಲಿಲ್ಲ. ಒಳಗೆ ದೀಪ ಹತ್ತಿತು. ಬಾನೆಟ್ ಮೇಲೆ ಅಂಗೈ ಊರಿ ನಿಂತ. ಎರಡನೇ ತೊಟ್ಟು ಬಿತ್ತು. ಕೈ ಎತ್ತಿ ನೋಡಿದ್ರೆ ಕೆಂಪು ಬೊಟ್ಟು ಹತ್ತಿತ್ತು. ಪೂಜೆ ದಿನ ಕಾರಿಗೆ ಬಳಿದಿದ್ದ ಕುಂಕುಮ. ಒರೆಸ್ಕೊಳ್ಳೋಕೆ ಹೆಗಲ ಮೇಲೆ ಟವೆಲ್ ತಡಕಿದ. ಅದು ಡಿಕ್ಕಿಯಲ್ಲಿತ್ತು.